ಒಂದೇ ಕಂದು ಬಣ್ಣದಲ್ಲಿ ಹೊಲ, ಗುಡ್ಡ, ಚಂದ್ರ: ಸ್ಯಾಮ್ಯುಯೆಲ್ ಪಾಮರ್ ಚಿತ್ರವನ್ನು ನಕಲು ಮಾಡಿ ಕಲಿಯುವುದು ಹೇಗೆ?

ಹಳೆಯ ರೇಖಾಚಿತ್ರಗಳ ಬಗ್ಗೆ ಬರೆದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಒಂದಿದೆ. "ಬರೀ ಕಂದು ಶಾಯಿಯಲ್ಲಿ ಹೊಲ, ಗುಡ್ಡ, ಕುರಿಮಂದೆ ಬಿಡಿಸಿದ ಆ ಇಂಗ್ಲಿಷ್ ಚಿತ್ರಗಳು ಹೊಳೆಯುತ್ತವೆ. ನಾವು ಬಿಡಿಸಿದರೆ ಕೆಸರು ಕೆಸರಾಗಿ ಕಾಣುತ್ತೆ. ಎಲ್ಲಿ ತಪ್ಪುತ್ತಿದ್ದೇವೆ?"

ಹೆಚ್ಚಿನವರು ತಪ್ಪುವುದು ಒಂದೇ ಕಡೆ. ಮೊದಲು ಗೆರೆ ಎಳೆಯುತ್ತೇವೆ. ಆಮೇಲೆ ನೆರಳು ತುಂಬುತ್ತೇವೆ. ಕೊನೆಗೆ ಬೆಳಕು ಎಲ್ಲಿ ಅಂತ ಹುಡುಕುತ್ತೇವೆ. ಅಷ್ಟು ಹೊತ್ತಿಗೆ ಕಾಗದದಲ್ಲಿ ಬಿಳಿ ಜಾಗವೇ ಉಳಿದಿರುವುದಿಲ್ಲ. ಬಿಳಿ ಬಣ್ಣ ಬಳಸದ ಚಿತ್ರದಲ್ಲಿ ಬೆಳಕು ಅಂದರೆ ಖಾಲಿ ಬಿಟ್ಟ ಕಾಗದ, ಅಷ್ಟೇ. ಅದನ್ನು ಮೊದಲ ದಿನವೇ ಎತ್ತಿಡಬೇಕು. ಮುಂದೆ ಹೇಳುವ ಹಂತಗಳೆಲ್ಲ ಈ ಒಂದು ಕೆಲಸಕ್ಕಾಗಿಯೇ ಇವೆ.

ಯಾವ ಚಿತ್ರ?

ಅಭ್ಯಾಸಕ್ಕೆ ನಾನು ಆರಿಸಿರುವುದು 19ನೇ ಶತಮಾನದ ಇಂಗ್ಲಿಷ್ ಚಿತ್ರಕಾರ ಸ್ಯಾಮ್ಯುಯೆಲ್ ಪಾಮರ್ ಅವರ 'ದ ವ್ಯಾಲಿ ಥಿಕ್ ವಿತ್ ಕಾರ್ನ್'. ಪೈರು ತುಂಬಿ ನಿಂತ ಕಣಿವೆಯ ಚಿತ್ರ ಇದು. ಬಿಡಿಸಿದ್ದು 1825ರಲ್ಲಿ. ಆಗ ಪಾಮರ್‌ಗೆ ಬರೀ 20 ವರ್ಷ. ಅದೇ ವರ್ಷ ಅವರು ಬಿಡಿಸಿದ ಆರು ಕಂದು ಚಿತ್ರಗಳು ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿವೆ. ಆರರಲ್ಲಿ ಇದೂ ಒಂದು. ಅಳತೆ ಸುಮಾರು 18 ಸೆಂ.ಮೀ. ಎತ್ತರ, 27 ಸೆಂ.ಮೀ. ಅಗಲ. ಎ4 ಹಾಳೆಗಿಂತ ಸ್ವಲ್ಪ ಚಿಕ್ಕದು. ಪರದೆಯ ಮೇಲೆ ನೋಡಿದವರಿಗೆ ಇದು ದೊಡ್ಡ ಚಿತ್ರ ಅನಿಸುತ್ತದೆ. ಹಾಗಾಗಿ ಈ ಅಳತೆ ನೆನಪಿರಲಿ.

ಮುಂಭಾಗದಲ್ಲಿ ಗಡ್ಡದ ವ್ಯಕ್ತಿಯೊಬ್ಬ ಪುಸ್ತಕ ಹಿಡಿದು ಒರಗಿದ್ದಾನೆ. ಅವನ ಹಿಂದೆ ಮಾಗಿದ ಪೈರು. ಅದರಾಚೆ ದುಂಡನೆಯ ಗುಡ್ಡಗಳು, ತುಂಬು ಚಂದ್ರ. ಶೀರ್ಷಿಕೆ ಬೈಬಲ್ಲಿನ 65ನೇ ಕೀರ್ತನೆಯಿಂದ ಬಂದದ್ದು. ಅಲ್ಲಿ ಕಣಿವೆಗಳು ಬೆಳೆಯಿಂದ ತುಂಬಿ ನಗುತ್ತವೆ, ಹಾಡುತ್ತವೆ.

ಪಾಮರ್ ಬಗ್ಗೆ ಓದುವಾಗ ಎದುರಾಗುವ ಎರಡು ಪದಗಳ ಅರ್ಥ ಹೇಳಿ ಮುಂದೆ ಹೋಗುತ್ತೇನೆ, ಪ್ಯಾಸ್ಟೊರಲ್ ಮತ್ತು ರೊಮ್ಯಾಂಟಿಕ್. ಹಳ್ಳಿ, ಕುರಿಗಾಹಿ, ಹೊಲ, ಮಂದೆ, ಇವನ್ನೆಲ್ಲ ಚಿಂತೆಯಿಲ್ಲದ ಸುಖದ ಜಾಗವಾಗಿ ತೋರಿಸುವ ಪದ್ಯಕ್ಕೂ ಚಿತ್ರಕ್ಕೂ ಪ್ಯಾಸ್ಟೊರಲ್ ಅನ್ನುತ್ತಾರೆ. ಇದು ಪ್ರಾಚೀನ ಗ್ರೀಸ್, ರೋಮ್‌ಗಳಿಂದ ಬಂದ ಸಂಪ್ರದಾಯ. ರೊಮ್ಯಾಂಟಿಕ್ ಕಾಲ ಅಂದರೆ ಹೆಚ್ಚುಕಡಿಮೆ 18ನೇ ಶತಮಾನದ ಕೊನೆಯಿಂದ 19ನೇ ಶತಮಾನದ ಮಧ್ಯದವರೆಗೆ. ನಮ್ಮ ನವೋದಯದ ಕವಿಗಳು ಮೆಚ್ಚಿ ಓದಿದ ವರ್ಡ್ಸ್‌ವರ್ತ್, ಶೆಲ್ಲಿ, ಕೀಟ್ಸ್ ಬರೆದ ಕಾಲ.

ಏನೇನು ಬೇಕು?

ಕಾಗದ: 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ, ದಪ್ಪನೆಯ) ಜಲವರ್ಣ ಕಾಗದ, ಹಾಟ್ ಪ್ರೆಸ್. ಅಂದರೆ ನಯವಾದ ಮೈ ಇರುವಂಥದ್ದು. ತರಿತರಿಯಾದ ಕೋಲ್ಡ್ ಪ್ರೆಸ್ ಕಾಗದದಲ್ಲಿ ನಿಬ್ಬು ಸಿಕ್ಕಿಕೊಂಡು ಶಾಯಿ ಸಿಡಿಯುತ್ತದೆ. ಶಾಲೆಯ ಡ್ರಾಯಿಂಗ್ ಶೀಟ್ ಬೇಡ. ಎರಡನೇ ಪದರ ಬಣ್ಣಕ್ಕೇ ಅದರ ಮೈ ಏಳುತ್ತದೆ.

ಬಣ್ಣ: ಸೀಪಿಯಾ ಎಂಬ ಹೆಸರಿನ ಜಲವರ್ಣದ ಒಂದು ಟ್ಯೂಬ್. ಹಿಂದೆ ಸೀಪಿಯಾವನ್ನು ಕಟಲ್‌ಫಿಶ್ ಎಂಬ ಸಮುದ್ರಜೀವಿಯ ಮಸಿಚೀಲದಿಂದ ತೆಗೆಯುತ್ತಿದ್ದರು. ನಮ್ಮ ಕರಾವಳಿಯವರು ಬೊಂಡಾಸ್ ಅನ್ನುತ್ತಾರಲ್ಲ, ಅದರ ಹತ್ತಿರದ ಸಂಬಂಧಿ. ಇಂದಿನ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಇರುವುದು ಬೇರೆ ಕಂದು, ಕಪ್ಪು ಬಣ್ಣಗಳ ಮಿಶ್ರಣ. ನಮ್ಮ ಕೆಲಸಕ್ಕೆ ಅದು ಸಾಕು. ಸೀಪಿಯಾ ಸಿಗದಿದ್ದರೆ ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣಕ್ಕೆ ಚೂರು ಕಪ್ಪು ಸೇರಿಸಿ.

ಗೋಂದು: ಗಮ್ ಅರೇಬಿಕ್. ಜಾಲಿಯ ಜಾತಿಯ ಮರದ ಅಂಟು ಇದು. ಆಶ್ಮೋಲಿಯನ್‌ನ ಆ ಚಿತ್ರಗಳಲ್ಲಿ ಪಾಮರ್ ಕಂದು ಶಾಯಿಯ ಪೆನ್ನಿನ ಜೊತೆ ಗೋಂದು ಬೆರೆಸಿದ ಸೀಪಿಯಾವನ್ನು ಬ್ರಷ್ಷಿನಲ್ಲಿ ಹಚ್ಚಿದ್ದಾರೆ. ಅಲ್ಲಿನ ಗಾಢವಾದ, ಮೆರುಗಿರುವ ನೆರಳುಗಳಿಗೆ ಇದೇ ಕಾರಣ. ಕಲಾ ಸಾಮಗ್ರಿಯ ಅಂಗಡಿಯಲ್ಲಿ ಬಾಟಲಿಯಲ್ಲೇ ಸಿಗುತ್ತದೆ. ಗ್ರಂಥಿಗೆ ಅಂಗಡಿಯಿಂದ ತಂದರೆ ಒಂದು ಎಚ್ಚರಿಕೆ. ಗೋಂದು ಎಂದು ಕೇಳಿದರೆ ಬೇರೆ ಬೇರೆ ಅಂಟು ಕೊಡುತ್ತಾರೆ. ನೀರಿಗೆ ಹಾಕಿದಾಗ ಪೂರ್ತಿ ಕರಗಿದರೆ ಸರಿ. ಉಬ್ಬಿ ಲೋಳೆಯಾಗಿ ಕೂತರೆ ಅದು ಬೇರೆ ಜಾತಿ, ಚಿತ್ರಕ್ಕೆ ಬರುವುದಿಲ್ಲ.

ಪೆನ್ನು: ಶಾಯಿಗೆ ಅದ್ದಿ ಬರೆಯುವ ಕಡ್ಡಿ, ಅದಕ್ಕೊಂದು ಚೂಪು ನಿಬ್ಬು. ಇದರ ಜೊತೆ 2 ಮತ್ತು 6ನೇ ನಂಬರಿನ ದುಂಡು ಬ್ರಷ್ಷು, ಮೆತ್ತನೆ ಪೆನ್ಸಿಲ್, ಟ್ರೇಸಿಂಗ್ ಪೇಪರ್, ಎರಡು ಲೋಟ ನೀರು.

ಫೌಂಟನ್ ಪೆನ್ನಿನ ಕಂದು ಶಾಯಿ ಬಳಸಲೇಬೇಡಿ. ಅಂಥ ಶಾಯಿ ಬಹುಪಾಲು ಬೆಳಕಿಗೆ ಮಾಸಿಹೋಗುತ್ತದೆ. ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬುವುದಂತೂ ಬೇಡವೇ ಬೇಡ. ಒಣಗಿ ಪೆನ್ನು ಕಟ್ಟಿಹೋಗುತ್ತದೆ.

ಹಂತ 1: ಪೆನ್ಸಿಲ್ ಮುಟ್ಟುವ ಮೊದಲು ನೋಡಿ

ಮ್ಯೂಸಿಯಂನ ಜಾಲತಾಣದಲ್ಲಿ ಚಿತ್ರ ತೆರೆದು, ಕಣ್ಣನ್ನು ಅರ್ಧ ಮುಚ್ಚಿ ನೋಡಿ. ವಿವರಗಳೆಲ್ಲ ಕರಗಿ ಬೆಳಕಿನ ತೇಪೆ, ಕತ್ತಲಿನ ತೇಪೆ ಮಾತ್ರ ಉಳಿಯುತ್ತವೆ. ಆ ತೇಪೆಗಳನ್ನಷ್ಟೇ ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಟ್ಟಿನಲ್ಲಿ ಗುರುತಿಸಿಕೊಳ್ಳಿ. ಮೂರೇ ಛಾಯೆ ಸಾಕು: ಖಾಲಿ ಕಾಗದ, ನಡುವಿನ ಕಂದು, ಗಾಢ ಕಂದು. ಅಂಥ ನಾಲ್ಕೈದು ಮಾಡಿ.

ಇಲ್ಲಿ ಎಡವುವವರು ಬಹಳ. ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಫೋಟೋ ನೋಡುವ ಹಾಗೆ ಲೆಕ್ಕ ಹಾಕಲು ಹೊರಡುತ್ತಾರೆ. ಚಂದ್ರ ಹಿಂದೆ ಇದ್ದರೆ ಮುಂದಿನದೆಲ್ಲ ಕಪ್ಪಾಗಬೇಕಲ್ವಾ ಅಂತ ಕೇಳುತ್ತಾರೆ. ಪಾಮರ್ ಆ ಲೆಕ್ಕಕ್ಕೆ ಕಟ್ಟುಬಿದ್ದವರಲ್ಲ. ಅವರಿಗೆ ಯಾವುದು ಪ್ರಿಯವೋ ಅದು ಬೆಳಗುತ್ತದೆ. ತೆನೆ, ಪುಟ, ಗುಡ್ಡದ ಬೆನ್ನು. ನೀವು ಕಂಡದ್ದನ್ನು ಕಂಡಲ್ಲೇ ಗುರುತಿಸಿ, ತಿದ್ದಬೇಡಿ.

ಹಾಗೆಯೇ ಇದು ಪಾಮರ್ ಬಾಳಿದ, ಲಂಡನ್ನಿನ ಹತ್ತಿರದ ಕೆಂಟ್ ಪ್ರಾಂತ್ಯದ ಆಗಿನ ನಿಜವಾದ ಹಳ್ಳಿ ಎಂದು ತಿಳಿಯಬೇಡಿ. ಅಲ್ಲಿನ ಕೂಲಿಕಾರರ ಬದುಕು ಬಹಳ ಕಷ್ಟದ್ದಾಗಿತ್ತು. 1830ರಲ್ಲಿ ಅದೇ ಕೆಂಟ್‌ನಲ್ಲಿ ಕೂಲಿಯವರು ಒಕ್ಕಣೆ ಯಂತ್ರಗಳನ್ನು ಒಡೆದು ದಂಗೆಯೆದ್ದರು. ಸ್ವಿಂಗ್ ದಂಗೆ ಎಂದು ಇತಿಹಾಸದಲ್ಲಿ ಅದಕ್ಕೆ ಹೆಸರು. ಪಾಮರ್ ಇದನ್ನು ನೋಡದವರಲ್ಲ. ಆದರೆ ಅವರು ಹಳೆಯ ವ್ಯವಸ್ಥೆಯ ಪರವಾಗಿದ್ದರು, 1832ರಲ್ಲಿ ಪಶ್ಚಿಮ ಕೆಂಟಿನ ಮತದಾರರಿಗೆ ಕರಪತ್ರವನ್ನೂ ಬರೆದರು. ಚಿತ್ರದಲ್ಲಿರುವುದು ಅವರು ಬಯಸಿದ ಲೋಕ. ಇದು ಗೊತ್ತಿದ್ದರೆ ಆ ಪೈರು ಯಾಕೆ ಅಷ್ಟು ದಟ್ಟ, ಆ ಗುಡ್ಡ ಯಾಕೆ ಅಷ್ಟು ದುಂಡು ಅನ್ನುವುದು ಅರ್ಥವಾಗುತ್ತದೆ.

ಹಂತ 2: ಇಡೀ ಚಿತ್ರ ಬೇಡ, ಒಂದು ತುಂಡು ಸಾಕು

ಮೊದಲ ಸಲ 10 ಸೆಂ.ಮೀ. ಚೌಕದಷ್ಟನ್ನು ಮಾತ್ರ ಆರಿಸಿ. ಸ್ವಲ್ಪ ಪೈರು, ಒಂದು ಮರ, ಹಿಂದೆ ಗುಡ್ಡದ ಅಂಚು ಇರುವ ಭಾಗ ಒಳ್ಳೆಯದು. ಮುಖ, ಕೈ ಇರುವ ಭಾಗವನ್ನು ಆಮೇಲೆ ನೋಡೋಣ.

ಟ್ರೇಸಿಂಗ್ ಪೇಪರಿನ ಮೇಲೆ ಮುಖ್ಯ ಆಕಾರಗಳನ್ನು ಬಿಡಿಸಿ, ಒಳ್ಳೆಯ ಕಾಗದಕ್ಕೆ ಹಗುರವಾಗಿ ದಾಟಿಸಿ. ಒಳ್ಳೆಯ ಕಾಗದದ ಮೇಲೆಯೇ ಚೌಕುಳಿ ಎಳೆದು ರಬ್ಬರಿನಲ್ಲಿ ಉಜ್ಜಿದರೆ ಮೈ ಹಾಳಾಗುತ್ತದೆ. ಆಮೇಲೆ ಬಣ್ಣ ಅಲ್ಲಿ ಕಲೆಕಲೆಯಾಗಿ ಕೂರುತ್ತದೆ.

ಹಂತ 3: ಛಾಯೆಯ ಪಟ್ಟಿ

ಒಂದೇ ಟ್ಯೂಬಿನಿಂದ ಐದು ಬಟ್ಟಲಲ್ಲಿ ಐದು ಛಾಯೆ ಕಲಸಿ, ತೀರ ತಿಳಿಯಿಂದ ತೀರ ಗಾಢದವರೆಗೆ. ಬೇರೆ ಚೂರು ಕಾಗದದಲ್ಲಿ ಪಟ್ಟಿ ಹಚ್ಚಿ, ಒಣಗಿದ ಮೇಲೆ ನೋಡಿ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ. ಹಸಿ ಇದ್ದಾಗ ಕಂಡ ಬಣ್ಣವನ್ನು ನಂಬಿದರೆ ಲೆಕ್ಕ ತಪ್ಪುತ್ತದೆ. ಈ ಪಟ್ಟಿ ಕೊನೆಯವರೆಗೂ ಪಕ್ಕದಲ್ಲೇ ಇರಲಿ.

ಹಂತ 4: ಮೊದಲ ವಾಶ್

ವಾಶ್ ಅಂದರೆ ನೀರಾದ ಬಣ್ಣವನ್ನು ಹರಡಿ ಹಚ್ಚುವುದು. ಎರಡನೇ ಬಟ್ಟಲಿನ ಛಾಯೆ ತೆಗೆದುಕೊಳ್ಳಿ. ಹಂತ 1ರಲ್ಲಿ ಖಾಲಿ ಎಂದು ಗುರುತಿಸಿದ ತೇಪೆಗಳನ್ನು ಬಿಟ್ಟು ಉಳಿದ ಎಲ್ಲ ಕಡೆ ಹಚ್ಚಿ. ಹೌದು, ಎಲ್ಲ ಕಡೆ.

ಇಲ್ಲಿ ಧೈರ್ಯ ಬೇಕು. ಬಿಳಿ ಜಾಗ ಜಾಸ್ತಿ ಉಳಿಯಿತೇನೋ ಅನಿಸುತ್ತದೆ. ಉಳಿಯಲಿ. ಮುಂದಿನ ಪ್ರತಿ ಹಂತದಲ್ಲೂ ಅದು ಕಡಿಮೆಯಾಗುತ್ತಲೇ ಹೋಗುತ್ತದೆ.

ಇದು ಪೂರ್ತಿ ಒಣಗುವವರೆಗೆ ಮುಂದಕ್ಕೆ ಹೋಗಬೇಡಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿ ಕಡೆ, ಮೇಲೆ ಒಣಗಿದಂತೆ ಕಂಡರೂ ಕಾಗದದ ಒಳಗೆ ತೇವ ಇರುತ್ತದೆ. ಕೈಯ ಹಿಂಭಾಗ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಕಾಯಿರಿ.

ಹಂತ 5: ಗೆರೆಗಳು. ಇಲ್ಲಿ ಸಮಯ ಕೊಡಿ

ಪಾಮರ್ ಅವರ ಶಕ್ತಿ ಇರುವುದು ಇಲ್ಲೇ. ಆದ್ದರಿಂದ ಈ ಹಂತದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲಿ ಎಂದು ಎಣ್ಣೆ ಸವರಿರುತ್ತಾರೆ. ಸೋಪು ನೀರಿನಲ್ಲಿ ತೊಳೆದು ಒರೆಸಿ. ಇಲ್ಲದಿದ್ದರೆ ಶಾಯಿ ಹನಿಯಾಗಿ ನಿಂತು, ಒಮ್ಮೆಲೇ ದೊಪ್ಪನೆ ಬೀಳುತ್ತದೆ. ಶಾಯಿ ಬೇರೆ ಕೊಳ್ಳಬೇಕಿಲ್ಲ. ಸೀಪಿಯಾವನ್ನೇ ಹಾಲಿನಷ್ಟು ತೆಳುವಾಗಿ ಕಲಸಿ, ಬ್ರಷ್ಷಿನಿಂದ ನಿಬ್ಬಿಗೆ ತುಂಬಿ. ಗೆರೆ, ವಾಶ್ ಎರಡೂ ಒಂದೇ ಬಣ್ಣದಲ್ಲಿ ಇರುತ್ತವೆ. ನಿಬ್ಬನ್ನು ನಿಮ್ಮ ಕಡೆಗೆ ಎಳೆಯಿರಿ, ಮುಂದಕ್ಕೆ ತಳ್ಳಬೇಡಿ.

ಈಗ ಮುಖ್ಯ ವಿಷಯ. ಈ ಚಿತ್ರದಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ಬಗೆಯ ಗುರುತು ಇದೆ. ತೆನೆಗೆ ಚಿಕ್ಕ ಚುಕ್ಕಿ ಮತ್ತು ಬಾಗಿದ ಗೀಟು. ಎಲೆಗೆ ಪುಟ್ಟ ಮುಚ್ಚಿದ ಆಕಾರ. ಗುಡ್ಡಕ್ಕೆ ಅದರ ಮೈಯನ್ನು ಸುತ್ತಿ ಬರುವ ಗೆರೆ. ನಾವು ಮಾಡುವುದೇನು? ಎಲ್ಲದಕ್ಕೂ ಒಂದೇ ಬಗೆಯ ಓರೆ ಗೀಟು ಹಾಕಿ ನೆರಳು ತುಂಬುತ್ತೇವೆ. ಆಗ ಪೈರೂ ಮರವೂ ಬಟ್ಟೆಯೂ ಒಂದೇ ತರಹ ಕಾಣುತ್ತವೆ. ಚೂರು ಕಾಗದದಲ್ಲಿ ಒಂದೊಂದು ಗುರುತನ್ನೂ ಸಾಲಾಗಿ ಬರೆದು ಕೈಗೆ ಅಭ್ಯಾಸ ಮಾಡಿಸಿ. ಕೈ ಕೂತ ಮೇಲೆ ಒಳ್ಳೆಯ ಕಾಗದಕ್ಕೆ ಬನ್ನಿ.

ಈ ಗುರುತುಗಳು ಅವರಿಗೆ ಎಲ್ಲಿಂದ ಬಂದವು ಎಂದು ತಿಳಿದರೆ ನಿಮ್ಮ ಕಣ್ಣೂ ತೀಕ್ಷ್ಣವಾಗುತ್ತದೆ. ಪಾಮರ್‌ಗೆ ದಾರಿ ತೋರಿಸಿದವರು ಜಾನ್ ಲಿನೆಲ್ ಎಂಬ ಹಿರಿಯ ಕಲಾವಿದರು. ಡ್ಯೂರರ್, ಲ್ಯೂಕಸ್ ವಾನ್ ಲೇಡನ್ ಅವರ ಹಳೆಯ ಅಚ್ಚುಚಿತ್ರಗಳನ್ನು ನೋಡು ಎಂದು ಹೇಳಿದವರು ಅವರೇ. ತಾಮ್ರದ ತಗಡಿನಲ್ಲಿ ಕೆತ್ತುವವರಿಗೆ ಬಣ್ಣ ಇಲ್ಲ. ಉಣ್ಣೆ, ಕಲ್ಲು, ತೊಗಟೆ ಎಲ್ಲವನ್ನೂ ಬೇರೆ ಬೇರೆ ಗೆರೆಯಿಂದಲೇ ತೋರಿಸಬೇಕು. 1824ರ ಅಕ್ಟೋಬರಿನಲ್ಲಿ ಲಿನೆಲ್ ಪಾಮರನ್ನು ಕವಿ, ಚಿತ್ರಕಾರ ವಿಲಿಯಂ ಬ್ಲೇಕ್ ಬಳಿ ಕರೆದುಕೊಂಡು ಹೋದರು. ಬ್ಲೇಕ್ ಆಗ 66 ವರ್ಷದ ಬಡ ಮುದುಕ. ರಾಬರ್ಟ್ ಥಾರ್ನ್‌ಟನ್ ಎಂಬವರು ಶಾಲಾ ಮಕ್ಕಳಿಗಾಗಿ 1821ರಲ್ಲಿ ಹೊರತಂದ, ಪ್ರಾಚೀನ ರೋಮಿನ ಕವಿ ವರ್ಜಿಲ್‌ನ ಪುಸ್ತಕಕ್ಕೆ ಬ್ಲೇಕ್ ಮರದ ಅಚ್ಚಿನಲ್ಲಿ ಪುಟ್ಟ ಪುಟ್ಟ ಚಿತ್ರ ಕೆತ್ತಿದ್ದರು. ಕುರಿಗಾಹಿಗಳು, ಚಂದ್ರ, ಬಗ್ಗಿದ ಪೈರು. ಕಪ್ಪಿನ ಮೇಲೆ ಬಿಳಿ ಗೆರೆ. ಸ್ವರ್ಗದ ಸಣ್ಣ ಸಣ್ಣ ಮೂಲೆಗಳು ಎಂದು ಪಾಮರ್ ಅವನ್ನು ಕೊಂಡಾಡಿದ್ದಾರೆ. ಆ ಅಚ್ಚುಚಿತ್ರಗಳನ್ನು ಒಮ್ಮೆ ಹುಡುಕಿ ನೋಡಿ, ಆಮೇಲೆ ಪಾಮರ್ ಚಿತ್ರಕ್ಕೆ ಮರಳಿ. ಕತ್ತಲಿನಿಂದ ಬೆಳಕನ್ನು ಕೆತ್ತಿ ತೆಗೆಯುವ ರೀತಿ ಅಲ್ಲಿಂದಲೇ ಬಂದದ್ದು ಎಂದು ನಾನು ನಂಬಿದ್ದೇನೆ.

ಹೊರ ಅಂಚಿನ ಗೆರೆ ಎಲ್ಲ ಕಡೆ ಒಂದೇ ದಪ್ಪ ಇರದಂತೆ ನೋಡಿಕೊಳ್ಳಿ. ಬೆಳಕು ಬಿದ್ದ ಕಡೆ ಗೆರೆ ಸಪೂರ, ಕೆಲವೆಡೆ ಗೆರೆಯೇ ಬೇಡ. ನೆರಳಿನ ಕಡೆ ದಪ್ಪ.

ಹಂತ 6: ಗೋಂದಿನ ಗಾಢ ಪದರ

ಪುಡಿ ಗೋಂದಾದರೆ ಒಂದು ಅಳತೆ ಪುಡಿಗೆ ಎರಡು ಅಳತೆ ಬೆಚ್ಚನೆ ನೀರು ಹಾಕಿ ಒಂದು ರಾತ್ರಿ ಬಿಡಿ. ತೆಳು ಬಟ್ಟೆಯಲ್ಲಿ ಸೋಸಿ. ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಬಳಸಿ. ಹುಳಿ ವಾಸನೆ ಬಂದರೆ ಚೆಲ್ಲಿ.

ನಾಲ್ಕು, ಐದನೇ ಬಟ್ಟಲಿನ ಗಾಢ ಬಣ್ಣಕ್ಕೆ ಮಾತ್ರ ಇದನ್ನು ಹನಿ ಹನಿಯಾಗಿ ಬೆರೆಸಿ. ಬಣ್ಣ ಹೆಚ್ಚು ಆಳವಾಗಿ, ಪಾರದರ್ಶಕವಾಗಿ ಕಾಣಲು ಶುರುವಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಜಾಸ್ತಿಯಾದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ಪರೀಕ್ಷೆ ಸುಲಭ. ಚೂರು ಕಾಗದಕ್ಕೆ ಹಚ್ಚಿ ಒಣಗಿಸಿ ಸ್ವಲ್ಪ ಬಗ್ಗಿಸಿ. ಪದರ ಒಡೆದರೆ ಗೋಂದು ಹೆಚ್ಚಾಗಿದೆ.

ಹಚ್ಚುವಾಗ ಒಂದೇ ಸಲ ಬ್ರಷ್ಷು ಇಟ್ಟು ಎತ್ತಿಬಿಡಿ. ಕೆಳಗಿನ ಪದರ, ಗೆರೆ ಎಲ್ಲವೂ ನೀರಿಗೆ ಕರಗುವಂಥವೇ. ಅದೇ ಜಾಗದಲ್ಲಿ ಮತ್ತೆ ಮತ್ತೆ ತಿಕ್ಕಿದರೆ ಎಲ್ಲ ಎದ್ದು ಬರುತ್ತದೆ. ನೀವು ಕೇಳುವ ಆ ಕೆಸರು ಹುಟ್ಟುವ ಎರಡನೇ ಜಾಗ ಇದು.

ಗಾಢ ಬಣ್ಣ ಎಲ್ಲಿಗೆ? ಪೂರ್ತಿ ಬೆಳಕಿನ ಪಕ್ಕದಲ್ಲಿ. ತೆನೆಯ ಬುಡ, ಎಲೆಗೊಂಚಲಿನ ಸಂದು, ಬೆಳಗಿದ ಗುಡ್ಡದ ಮುಂದೆ ನಿಂತ ಮರ. ದೂರದ ಮೂಲೆಯಲ್ಲಿ ಕಪ್ಪು ತುಂಬಿದರೆ ಕಣ್ಣು ಅಲ್ಲಿಗೇ ಓಡುತ್ತದೆ. ಒಣಗಿದ ಮೇಲೆ ಕರಗಿಹೋದ ಕೆಲವು ಗೆರೆಗಳನ್ನು ಮತ್ತೆ ನಿಬ್ಬಿನಿಂದ ಎಳೆಯಿರಿ.

ಹಂತ 7: ಮುಚ್ಚಿಹೋದ ಬೆಳಕನ್ನು ಹಿಂದೆ ತರುವುದು

ಸ್ವಲ್ಪ ಮಟ್ಟಿಗೆ ಆಗುತ್ತದೆ. ಒದ್ದೆ ಬ್ರಷ್ಷಿನಿಂದ ಮೆಲ್ಲಗೆ ಸವರಿ, ಟಿಶ್ಯೂ ಒತ್ತಿ ಎತ್ತಿ. ಗೋಂದು ಬೆರೆತ ಬಣ್ಣ ಸುಲಭವಾಗಿ ಏಳುತ್ತದೆ. ತೆನೆಯ ತುದಿಯಂಥ ಚಿಕ್ಕ ಮಿನುಗಿಗೆ, ಪೂರ್ತಿ ಒಣಗಿದ ಮೇಲೆ ಹೊಸ ಬ್ಲೇಡಿನ ಮೂಲೆಯಿಂದ ಕೆರೆಯಬಹುದು. ಕೆರೆದ ಜಾಗಕ್ಕೆ ಮತ್ತೆ ಬಣ್ಣ ಹಚ್ಚಬೇಡಿ, ಹೀರಿಕೊಂಡು ಕಪ್ಪಾಗುತ್ತದೆ.

ಬಿಳಿ ಪೋಸ್ಟರ್ ಬಣ್ಣ ಹಚ್ಚುವ ಆಸೆ ಬರುತ್ತದೆ. ಈ ಅಭ್ಯಾಸದಲ್ಲಿ ಬೇಡ. ಕಾಗದದ ಬೆಚ್ಚನೆಯ ಬಿಳಿಯ ಪಕ್ಕದಲ್ಲಿ ಅದು ಸುಣ್ಣದಂತೆ ತಣ್ಣಗೆ ಕಾಣುತ್ತದೆ. ಬೆಳಕು ಉಳಿಸದಿದ್ದರೆ ಹೊಸ ಕಾಗದ ತೆಗೆದುಕೊಳ್ಳುವುದೇ ಒಳ್ಳೆಯದು.

ಹಂತ 8: ವಾರ್ನಿಶ್ ಬೇಡ, ಸಹಿ ಬೇಕು

ಪಾಮರ್ ಈ ಚಿತ್ರಗಳಿಗೆ ವಾರ್ನಿಶ್ ಹಚ್ಚಿದ್ದರು. ನೀವು ಹಚ್ಚಬೇಡಿ. ಕಾಲ ಕಳೆದಂತೆ ವಾರ್ನಿಶ್ ಹಳದಿಯಾಗುತ್ತದೆ. ಗಾಜಿನ ಚೌಕಟ್ಟು ಹಾಕಿಸಿ, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ (ದಪ್ಪ ರಟ್ಟಿನ ಅಂಚು) ಕೊಡಿಸಿ. ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.

ಹಿಂದೆ ಪೆನ್ಸಿಲಿನಲ್ಲಿ ನಿಮ್ಮ ಹೆಸರು, ತಾರೀಕು, 'ಪಾಮರ್ ಚಿತ್ರದ ನಕಲು' ಎಂದು ತಪ್ಪದೆ ಬರೆಯಿರಿ. ಇದು ಬರೀ ಶಿಷ್ಟಾಚಾರವಲ್ಲ. ಪಾಮರ್ ಹೆಸರಿಗೆ ಈ ವಿಷಯದಲ್ಲಿ ಪೆಟ್ಟು ಬಿದ್ದಿದೆ. ಟಾಮ್ ಕೀಟಿಂಗ್ ಎಂಬ ಇಂಗ್ಲಿಷ್ ಚಿತ್ರಕಾರ ಪಾಮರ್ ಶೈಲಿಯ ಚಿತ್ರಗಳನ್ನು ಮಾಡಿದ. ಅವು ಅಸಲಿ ಎಂದೇ ಮಾರಾಟವಾದವು. 1976ರಲ್ಲಿ ಲಂಡನ್ನಿನ ದ ಟೈಮ್ಸ್ ಪತ್ರಿಕೆ ಅನುಮಾನ ಎತ್ತಿದ ಮೇಲೆ ಆತ ಒಪ್ಪಿಕೊಂಡ. ಇನ್ನೊಂದು ನಷ್ಟ ಮನೆಯಿಂದಲೇ ಆಯಿತು. 1909ರಲ್ಲಿ ಪಾಮರ್ ಅವರ ಮಗ ತಂದೆಯ ಸ್ಕೆಚ್ ಪುಸ್ತಕಗಳನ್ನೂ ಇತರ ಕೆಲಸಗಳನ್ನೂ ರಾಶಿಗಟ್ಟಲೆ ಸುಟ್ಟುಹಾಕಿದರು. ಉಳಿದಿರುವುದೇ ಸ್ವಲ್ಪ. ಅದರ ನಡುವೆ ಅಸಲಿ ಯಾವುದು ಎಂಬ ಗೊಂದಲಕ್ಕೆ ನಾವು ಒಂದು ಹಾಳೆಯನ್ನೂ ಸೇರಿಸಬಾರದು.

ಹಂತ 9: ನಿಮ್ಮದೇ ಹೊಲಕ್ಕೆ ಹೋಗಿ

ಎರಡು ಮೂರು ತುಂಡು ನಕಲು ಮಾಡಿದ ಮೇಲೆ ಪಾಮರ್ ಅವರನ್ನು ಪಕ್ಕಕ್ಕಿಡಿ. ಕೊಯ್ಲಿಗೆ ಬಂದ ರಾಗಿ ಹೊಲ ಸಿಕ್ಕರೆ ಅಲ್ಲಿ ಕೂತು ರಾಗಿ ತೆನೆಗೆ ಯಾವ ಗುರುತು ಹೊಂದುತ್ತದೆ ಎಂದು ಹುಡುಕಿ. ಗೋಧಿಯ ಗೀಟು ಅಲ್ಲಿ ನಡೆಯುವುದಿಲ್ಲ. ಮಡಚಿದ ಬೆರಳಿನಂಥ ಆ ತೆನೆಗೆ ಬೇರೆಯದೇ ಗೆರೆ ಬೇಕು. ಅಲ್ಲೂ ಮೊದಲ ಕೆಲಸ ಬೆಳಕಿನ ತೇಪೆ ಗುರುತಿಸುವುದೇ. ಇಂಗ್ಲೆಂಡಿನ ದುಂಡು ಗುಡ್ಡವನ್ನು ಹೊತ್ತು ತಂದು ನಮ್ಮ ಬಯಲಿನಲ್ಲಿ ಇಡಬೇಡಿ.

ಅಸಲಿಯನ್ನು ನೋಡಬೇಕೆಂದರೆ

ಬ್ರಿಟನ್ನಿನಲ್ಲಿರುವ ಕನ್ನಡಿಗರು, ಪ್ರವಾಸ ಹೋಗುವವರು ಇದನ್ನೂ ಕೇಳುತ್ತಿರುತ್ತೀರಿ. ಕಾಗದದ ಮೇಲಿನ ಹಳೆಯ ಚಿತ್ರಗಳು ಬೆಳಕಿಗೆ ಹಾಳಾಗುತ್ತವೆ. ಹಾಗಾಗಿ ಮ್ಯೂಸಿಯಂಗಳು ಅವನ್ನು ಸದಾ ಗೋಡೆಯ ಮೇಲೆ ಇಡುವುದಿಲ್ಲ. ಸುಮ್ನೆ ಆಕ್ಸ್‌ಫರ್ಡಿಗೆ ಹೋಗಿ ಬಾಗಿಲಲ್ಲಿ ನಿಂತರೆ ನಿರಾಸೆಯಾಗಬಹುದು. ಆಶ್ಮೋಲಿಯನ್‌ನಲ್ಲಿ ಪ್ರಿಂಟ್ ರೂಮ್ ಎಂಬ ಕೋಣೆಯಿದೆ. ಮೊದಲೇ ಬರೆದು ಸಮಯ ಪಡೆದರೆ ಸಾಮಾನ್ಯ ಜನರಿಗೂ ಚಿತ್ರಗಳನ್ನು ತೆಗೆದು ತೋರಿಸುತ್ತಾರೆ. ಯಾವ ಚಿತ್ರ ಬೇಕು ಎಂದು ಹೆಸರು, ವರ್ಷ ಹಾಕಿ ಬರೆಯಿರಿ. ಅದು ಪ್ರದರ್ಶನಕ್ಕೆ ಬೇರೆಡೆ ಹೋಗಿದೆಯೇ ಎಂದೂ ಕೇಳಿ. ಟಿಕೆಟ್ ಅದಾದ ಮೇಲೆ ಮಾಡಿಸಿ.

ಪಾಮರ್ ಬಾಳಿದ ಶೋರಮ್ ಹಳ್ಳಿಯನ್ನೂ ನೋಡಬಹುದು. 1820ರ ದಶಕದ ಮಧ್ಯದಿಂದ ಸುಮಾರು ಹತ್ತು ವರ್ಷ ಅವರ ಒಳ್ಳೆಯ ಕೆಲಸ ನಡೆದದ್ದು ಅಲ್ಲಿ, ಡಾರೆಂಟ್ ನದಿಯ ಕಣಿವೆಯಲ್ಲಿ. ಲಂಡನ್ನಿನಿಂದ ರೈಲಿದೆ. ಆದರೆ ಟಿಕೆಟ್ ಕೊಳ್ಳುವಾಗ ಕೆಂಟ್‌ನ ಶೋರಮ್ ಎಂದು ನೋಡಿ ಕೊಳ್ಳಿ. ಸಸೆಕ್ಸ್ ಕರಾವಳಿಯಲ್ಲಿ ಶೋರಮ್-ಬೈ-ಸೀ ಎಂಬ ಇನ್ನೊಂದು ಊರಿದೆ. ತಪ್ಪಿ ಅಲ್ಲಿಗೆ ಹೋದರೆ ಸಿಗುವುದು ಸಮುದ್ರ, ಪಾಮರ್ ಕಣಿವೆಯಲ್ಲ. ಪ್ರಿಂಟ್ ರೂಮಿಗೆ ಹೋಗುವಾಗ ಪೆನ್ನು ಹೊರಗೇ ಬಿಟ್ಟು ಪೆನ್ಸಿಲ್ ಒಯ್ಯಿರಿ. ಒಳಗೆ ಶಾಯಿಗೆ ಅವಕಾಶವಿಲ್ಲ.